ಜಿಂಜರಿನ ರುಚಿ ನೋಡಿದ ಸೋಮವಾರ

ಗಾಜಿನ ಸೋಡಾ ಬಾಟ್ಲಿಯ ಕುತ್ತಿಗೆಯಲ್ಲಿ ಗೋಟಿ ಉರುಳುವ ಸಪ್ಪಳವನ್ನು ನಾನು ನಿದ್ದೆಗಣ್ಣಿನಲ್ಲೂ ಗುರುತಿಸುತ್ತೇನೆ. ಅದು ಕಿಣಿಕಿಣಿಯೂ ಅಲ್ಲ, ಟಣಟಣವೂ ಅಲ್ಲ. ಯಾರೋ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಂಥ ಸಪ್ಪಳ. ಹೋದ ತಿಂಗಳು ಮಹೇಶ ಚೀಲ ಹಿಡಿದು ಸಾಂಗಲಿಯ ವಿಶ್ರಾಮಬಾಗದ ನನ್ನ ಫ್ಲ್ಯಾಟಿನ ಮೆಟ್ಟಿಲು ಹತ್ತುತ್ತಿದ್ದಾಗ ಅವನ ಹೆಜ್ಜೆಗಿಂತ ಮೊದಲು ಕೇಳಿಸಿದ್ದು ಅದೇ. ಮಹೇಶ ನನ್ನ ಕಾಕಾನ ಮೊಮ್ಮಗ, ನನಗೆ ಆತ್ಯಾ, ಅಂದರೆ ಅತ್ತೆ, ಅನ್ನುತ್ತಾನೆ. ಹುರುಪಿನಿಂದ ಬಾಗಿಲು ತೆಗೆದೆ. ಅವನು ಟೇಬಲ್ಲಿನ ಮೇಲೆ ಬಾಟ್ಲಿ ಇಟ್ಟ. ಹೊಸ ಗಾಜು, ಹೊಸ ಗೋಟಿ, ಒಳಗೆ ಕೆಮ್ಮಿನ ಔಷಧದ ಬಣ್ಣದ ನೀರು. ಲೇಬಲ್ ಮೇಲೆ ರುಮಾಲು ಸುತ್ತಿದ ಕಾಕಾನ ಫೋಟೋ. ಅದರ ಕೆಳಗೆ ಇಂಗ್ಲಿಷಿನಲ್ಲಿ 'ವಿಂಟೇಜ್ ಜಿಂಜರ್ ಮಾಕ್‌ಟೇಲ್'. ಮಾಕ್‌ಟೇಲ್ ಅಂತೆ, ಫಾರ್ ಹೆವನ್ಸ್ ಸೇಕ್. ಕಾಕಾ ಬದುಕಿದ್ದರೆ ಆ ಶಬ್ದ ಕೇಳಿ ಯಾವುದೋ ಹಕ್ಕಿಯ ಹೆಸರು ಅಂದುಕೊಳ್ಳುತ್ತಿದ್ದ.

ಕಾಲೇಜ್ ರೋಡಿನಲ್ಲಿ ಮಹೇಶ ಅಂಗಡಿ ತೆಗೆಯುತ್ತಾನಂತೆ. ಗೋಡೆಯ ಮೇಲೆ ದೊಡ್ಡ ಬೋರ್ಡು ಹಾಕಿ ನಮ್ಮ ಮನೆತನದ ಕಥೆ ಬರೆಸಬೇಕಂತೆ. "ಕಂಪನಿ ಕೋಲ್ಡ್ರಿಂಕ್ ಬಂದು ನಮ್ಮ ಅಜ್ಜಾರ ಜಿಂಜರ್ ಹೆಂಗ ಮುಳುಗಿಸ್ತು ಅಂತ ನಾಕ ಲೈನ್ ಬರದ ಕೊಡ್ರಿ ಆತ್ಯಾ. ಹಂಗ ಹಳೇ ರೆಸಿಪೀನೂ ಬರೀರಿ" ಅಂದ. ನನಗೆ ತಲೆ ಕೆಟ್ಟುಹೋಯಿತು. ಈ ಕಂಪನಿಯ ಕಥೆಯನ್ನು ಮದುವೆ, ಕೂಸಿಗೆ ಹೆಸರಿಡುವ ಬಾರಸೆ, ಮನೆಶಾಂತಿ ಎಲ್ಲ ಕಡೆ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿವೆ. ವೆಲ್‌ಕಮ್ ಡ್ರಿಂಕ್ ಅಂತ ಬಣ್ಣದ ಸಕ್ಕರೆನೀರು ಹೀರುತ್ತಲೇ ಎಲ್ಲರೂ ಹಳೆಯ ಜಿಂಜರಿಗೆ ಕಣ್ಣೀರು ಹಾಕುತ್ತಾರೆ. ಕಂಪನಿಗಳ ಮೇಲೆ ನನಗೇನು ಪ್ರೀತಿ ಇಲ್ಲ. ಆದರೆ ಅವರ ಲಾರಿ ಮಿರಜಕ್ಕೆ ಬರುವ ಹೊತ್ತಿಗೆ ನಮ್ಮ ಜಿಂಜರ್ ಸತ್ತು ಎಷ್ಟೋ ವರ್ಷವಾಗಿತ್ತು. ಅದು ಸತ್ತದ್ದು ಒಂದು ಶ್ರಾವಣ ಸೋಮವಾರ, ಮುಂಜಾನೆ, ಶಾಲೆಗೆ ಹೋಗುವ ಮೊದಲು. ನಾನು ಅಲ್ಲೇ ಇದ್ದೆ.

ಮಿರಜದ ಪೇಟೆಯಲ್ಲಿ ನಮ್ಮ ಮನೆ ಮುಂದೆ ಅಂಗಡಿ, ನಡುವೆ ಸಂಸಾರ, ಹಿಂದೆ ಸೋಡಾ ತುಂಬುವ ಕೋಣೆ, ಸೋಡಾಖೋಲಿ. ಆ ಖೋಲಿಯ ಫರಸಿ ನೆಲ ಬೇಸಗೆಯಲ್ಲೂ ಒದ್ದೆ ಇರುತ್ತಿತ್ತು. ಬರಿಗಾಲಲ್ಲಿ ನಿಂತರೆ ತಂಪು ಮೊಳಕಾಲಿನವರೆಗೆ ಏರುತ್ತಿತ್ತು. ಗ್ಯಾಸಿನ ಮಷೀನಿನ ಹಿಡಿಕೆ ತಿರುವಿದಾಗ ಚೌಕಟ್ಟಿನಲ್ಲಿ ಕೂತ ಬಾಟ್ಲಿಗಳು ತಲೆಕೆಳಗಾಗಿ ತಿರುಗುತ್ತಿದ್ದವು, ಗೋಟಿಗಳು ಒಂದೊಂದಾಗಿ ಕುತ್ತಿಗೆಗೆ ಬಂದು ಕೂತು ಬಾಯಿ ಮುಚ್ಚುತ್ತಿದ್ದವು. ಬಾಟ್ಲಿ ಒಂದೇ, ಹೆಸರು ಎಷ್ಟು! ಗಿರಾಕಿಗಳಿಗೆ ಅದು ಗೋಟಿ. ಹುಬ್ಬಳ್ಳಿಯಿಂದ ಬರುವ ಬೀಗರಿಗೆ ಗೋಲಿ ಸೋಡಾ. ಅಜ್ಜಿಗೆ, ಅಂದರೆ ಕಾಕಾನ ತಾಯಿಗೆ, ಸಿಹಿ ಇದ್ದರೂ ಖಾರ ಇದ್ದರೂ ಎಲ್ಲವೂ ಬರೀ ಸೋಡಾ. ಅಂಗಡಿಗೆ ಬಂದ ದೊಡ್ಡಮಂದಿಗೆ ಕಾಕಾ ಕೇಳುತ್ತಿದ್ದದ್ದು "ಥಂಡಾ ತೊಗೋತೀರೇನ್ರಿ?" ಅಂತ. ನಮ್ಮ ಕಾನ್ವೆಂಟಿನ ಸಿಸ್ಟರುಗಳು ಮಾತ್ರ ಮೂಗು ಸ್ವಲ್ಪ ಮೇಲೆತ್ತಿ 'ಏರೇಟೆಡ್ ವಾಟರ್' ಅನ್ನುತ್ತಿದ್ದರು. ಅದು ಹುಡುಗಿಯರ ಹಲ್ಲಿಗೆ ಒಳ್ಳೆಯದಲ್ಲ ಅನ್ನುತ್ತಲೇ ಪ್ರೈಜ್ ಡೇ ದಿವಸ ನಮ್ಮ ಮನೆಯಿಂದಲೇ ತರಿಸುತ್ತಿದ್ದರು. ಈಗ ಎಲ್ಲದಕ್ಕೂ ಒಂದೇ ಹೆಸರು, ಕೋಲ್ಡ್ರಿಂಕ್. ರುಚಿಯೂ ಒಂದೇ, ಬಿಡಿ.

ಕಾಕೂ, ಅಂದರೆ ಕಾಕಾನ ಹೆಂಡತಿ, ಅದನ್ನು ಮನೆಯ ಮನುಷ್ಯನ ಹಾಗೆ 'ಜಿಂಜರ' ಅಂತ ಕರೆಯುತ್ತಿದ್ದಳು. ಜಿಂಜರ ಇವತ್ತ ಸಿಟ್ಟಿಗೆದ್ದೇತಿ, ಜಿಂಜರಕ್ಕ ಇನ್ನಾ ನಿದ್ದಿ ಹರದಿಲ್ಲ, ಹೀಗೆ. ಅವಳು ಆರಗ ಹಳ್ಳಿಯ ಹೊಲಮನೆಯಿಂದ ಬಂದವಳು. ಎತ್ತರ, ಕಪ್ಪು, ಮಾತು ಕುಡಗೋಲಿನ ಹಾಗೆ. ಅಂಗಡಿಯ ಹೆಸರು ಕಾಕಾನದು, ರುಮಾಲು ಕಾಕಾನದು. ಜಿಂಜರ್ ಮಾತ್ರ ಕಾಕೂನದು. ಅವಳು ಹಸಿಶುಂಠಿ ಜಜ್ಜುವಾಗ ಬರುತ್ತಿದ್ದ ವಾಸನೆ ಕಣ್ಣಂಚಿಗೆ ಬಂದು ನಿಲ್ಲುತ್ತಿತ್ತು. ಈಗ ಅದು ನನಗೆ ನೆನಪಿನಲ್ಲಿ ಮಾತ್ರ ಬರುತ್ತದೆ. ದೊಡ್ಡ ಹಿತ್ತಾಳೆ ಪಾತೇಲಿಯಲ್ಲಿ ಸಕ್ಕರೆಪಾಕ, ಅದಕ್ಕೆ ಶುಂಠಿ, ನಾಲ್ಕು ಲವಂಗ, ಒಂದು ಚಿಟಿಕೆ ಮೆಣಸು, ಆರಿದ ಮೇಲೆ ನಿಂಬೆರಸ. ರಾತ್ರಿಯೆಲ್ಲ ಬಟ್ಟೆ ಕಟ್ಟಿ ಇಟ್ಟು ಮುಂಜಾನೆ ಸೋಸುವುದು. ಇಷ್ಟೇ, ಮಹೇಶಾ, ನಿನ್ನ ರೆಸಿಪಿ. ಆದರೆ ಬೇಸಗೆಯ ಶುಂಠಿ ನಾರು, ಖಾರ ಜಾಸ್ತಿ. ಮಳೆಗಾಲ ಮುಗಿದ ಮೇಲೆ ಬರುವುದು ನೀರುನೀರು. ಅಳತೆ ಬರೆದಿಟ್ಟು ಏನು ಮಾಡುವುದು? ಅಳತೆ ಇದ್ದದ್ದು ಅವಳ ನಾಲಿಗೆಯಲ್ಲಿ. ದಿನಾ ಮುಂಜಾನೆ ಲಿಂಗಪೂಜೆ ಮುಗಿಸಿ ಬಂದು ಒಂದು ಚಮಚ ಬಾಯಿಗೆ ಹಾಕಿ, ನುಂಗಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಆಗ ನಾವು ಯಾರೂ ಉಸಿರೆತ್ತುತ್ತಿರಲಿಲ್ಲ. ಪಾಕ ಕೆಡಲು ಶುರುವಾದರೆ ನುಂಗಿದ ಮೇಲೆ ಗಂಟಲಿನಿಂದ ಮೂಗಿಗೆ ಒಂದು ಹಳಸು ವಾಸನೆ ಏರುತ್ತದೆ, ಮುಂದಿನಿಂದ ಮೂಸಿದರೆ ಸಿಗುವುದಿಲ್ಲ, ನುಂಗಿದವರಿಗೆ ಮಾತ್ರ ಸಿಗುತ್ತದೆ ಅಂತ ನನಗೆ ಕಲಿಸಿದವಳು ಅವಳೇ.

ಕಲಿಸಲು ಕಾರಣವಿತ್ತು. ಶ್ರಾವಣದ ಸೋಮವಾರ ಮನೆಯ ಹೆಂಗಸರೆಲ್ಲ ಸಂಜೆ ಪೂಜೆಯವರೆಗೆ ಬಾಯಿಗೆ ಏನೂ ಹಚ್ಚುತ್ತಿರಲಿಲ್ಲ. ಕಾಕಾನ ನಾಲಿಗೆಯನ್ನು ತಂಬಾಕು ತಿಂದು ಹಾಕಿತ್ತು. ಕಾಕೂನ ಮಗ ಬಸು, ಈ ಮಹೇಶನ ಅಪ್ಪ, ನನಗಿಂತ ಎರಡು ವರ್ಷ ಸಣ್ಣವ; ಸಿಹಿ ಇದ್ದರೆ ಸಾಕು, ಎಲ್ಲಕ್ಕೂ ತಲೆಯಾಡಿಸುತ್ತಿದ್ದ. ಹಾಗಾಗಿ ಆ ನಾಲ್ಕು ಸೋಮವಾರ ಚಮಚ ನನಗೆ. ಸೋಡಾಖೋಲಿಯ ಆಚೆ, ಕಾಕಾಗೂ ಅಜ್ಜಿಗೂ, ಈ ಮಾತು ಹೋಗುತ್ತಿರಲಿಲ್ಲ. ಒಂಬತ್ತು ವರ್ಷದವಳಿಗೆ ಅದೆಂಥ ಪದವಿ ಅಂತ ನಿಮಗೆ ಹೇಗೆ ಹೇಳಲಿ! ಯುನಿಫಾರ್ಮ್ ಹಾಕಿಕೊಂಡು, ಟೈ ಕಟ್ಟಿಕೊಂಡು ಸೋಡಾಖೋಲಿಗೆ ಹೋಗುತ್ತಿದ್ದೆ. ನುಂಗಿ, ಕಣ್ಣು ಮುಚ್ಚಿ, ಕಾಕೂನ ಹಾಗೆಯೇ ಸೊಂಟದ ಮೇಲೆ ಕೈಯಿಟ್ಟು ನಿಂತು, ಕೊನೆಗೆ "ಪರ್ಫೆಕ್ಟ್" ಅನ್ನುತ್ತಿದ್ದೆ. ಕಾಕೂಗೆ ಆ ಶಬ್ದ ಬಹಳ ಸೇರುತ್ತಿತ್ತು. "ಮಡಮ್ಮ ಪಾಸ್ ಮಾಡಿದ್ರು, ತುಂಬ್ರಿ" ಅಂತ ಮಷೀನಿನವರಿಗೆ ಕೂಗುತ್ತಿದ್ದಳು.

ಆ ಸೋಮವಾರದ ಹಿಂದಿನ ದಿನ, ಭಾನುವಾರ, ಅಪ್ಪ ನಮ್ಮನ್ನು ಹರಿಪುರಕ್ಕೆ, ಸಂಗಮದಲ್ಲಿ ಹೊಳೆ ತುಂಬಿ ಬಂದದ್ದು ನೋಡಲು ಕರೆದುಕೊಂಡು ಹೋಗಿದ್ದ. ನಾನು ಮನಸ್ಸು ತುಂಬ ತೊಯ್ಸಿಕೊಂಡೆ. ಸೋಮವಾರ ಮುಂಜಾನೆ ಎದ್ದರೆ ಮೂಗು ಸಿಮೆಂಟು ಹಾಕಿದ ಹಾಗೆ. ಹೇಳಿದರೆ ಚಮಚ ಬಸೂನ ಕೈಗೆ ಹೋಗುತ್ತದೆ. ಅವನು ಬಾಗಿಲಲ್ಲಿ ಕಾಯುತ್ತಲೇ ಇದ್ದ. ನುಂಗಿದೆ. ಸಿಹಿ ತಿಳಿಯಿತು, ನಿಂಬೆಯ ಹುಳಿ ತಿಳಿಯಿತು, ನಾಲಿಗೆ ಸುಟ್ಟಿತು. ಮೂಗಿಗೆ ಏನೂ ಏರಲಿಲ್ಲ, ಏರಲು ದಾರಿಯೇ ಇರಲಿಲ್ಲ. ಕಣ್ಣು ಮುಚ್ಚಿ ಎಂದಿಗಿಂತ ಜಾಸ್ತಿ ಹೊತ್ತು ನಿಂತು, "ಪರ್ಫೆಕ್ಟ್, ಕಾಕೂ" ಅಂದೆ.

ಮರುದಿನ ಆ ಬಾಟ್ಲಿಗಳು ಸಾಂಗಲಿಯ ಒಬ್ಬ ದೊಡ್ಡ ವ್ಯಾಪಾರಿಯ ಮನೆಯ ಬಾರಸೆಗೆ ಹೋದವು. ಮಧ್ಯಾಹ್ನದೊಳಗೆ ಪೆಟ್ಟಿಗೆ ಪೆಟ್ಟಿಗೆಯಾಗಿ ತಿರುಗಿ ಬಂದವು, ಹಿಂದೆ ಕಾಕಾ. ಹುಳಿಯೆದ್ದ ನೊರೆ ಉಕ್ಕಿ ಮಂದಿಯ ಹೊಸ ಬಟ್ಟೆಯ ಮೇಲೆಲ್ಲ ಬಿತ್ತಂತೆ. ಆ ಮನೆಯ ಹಿರಿಯ ಎಲ್ಲರ ಮುಂದೆ ಮರಾಠಿಯಲ್ಲಿ ಕೇಳಿದನಂತೆ, ಕೊರಳಾಗ ಲಿಂಗ ಕಟ್ಟಿಕೊಂಡವರು ಯಾವಾಗಿಂದ ದಾರೂ ಮಾಡಲಿಕ್ಕೆ ಹತ್ತಿದಿರಿ ಅಂತ. ಮಂದಿ ನಕ್ಕರಂತೆ. ಬೇರೆ ಬೈಗುಳ ಯಾವುದನ್ನಾದರೂ ಕಾಕಾ ನುಂಗುತ್ತಿದ್ದ. ಮಠದ ಸ್ವಾಮಿಗಳು ಬಂದು ಕೂಡುವ ಮನೆಯವನಿಗೆ ಇದನ್ನು ನುಂಗಲು ಆಗಲಿಲ್ಲ. ಅಂಗಳದಲ್ಲಿ ನಿಂತು, ದನಿ ಏರಿಸದೆ, ಯಾರು ರುಚಿ ನೋಡಿದ್ದು ಅಂತ ಕೇಳಿದ. ನಾನು ಕಂಬದ ಹಿಂದೆ ಇದ್ದೆ. ಕಾಕೂ ನನ್ನ ಕಡೆ ತಿರುಗಲೂ ಇಲ್ಲ.

"ನಾನ ನೋಡಿದೆ ಬಿಡ್ರಿ" ಅಂದಳು.

ಅಜ್ಜಿ ಒಳಗಿನಿಂದ ಒಂದೇ ಶಬ್ದ ಅಂದಳು: "ಸೋಮವಾರ?"

ಒಂದು ಮಾತಿನಲ್ಲಿ ಎರಡು ತಪ್ಪು ಕಾಕೂನ ತಲೆಗೆ ಬಂದವು. ಮನೆಯ ಮಾನ ಕಳೆದದ್ದು ಒಂದು, ನೇಮ ಮುರಿದದ್ದು ಇನ್ನೊಂದು. ಶ್ರಾವಣ ಮುಗಿಯುವವರೆಗೆ ಅಜ್ಜಿ ಅವಳಿಗೆ ಪೂಜೆಯ ಪಾತ್ರೆ ಮುಟ್ಟಗೊಡಲಿಲ್ಲ. ಕಾಕಾ ಮುಂಬೈಯಿಂದ ಎಸೆನ್ಸಿನ ಬಾಟ್ಲಿ ತರಿಸಿದ, ಸೋಡಾಖೋಲಿಯ ಬೀಗದಕೈ ತನ್ನ ಉಡದಾರಕ್ಕೆ ಕಟ್ಟಿಕೊಂಡ. ಹಿತ್ತಾಳೆ ಪಾತೇಲಿ ಬಚ್ಚಲಿಗೆ ಹೋಯಿತು. ಅಷ್ಟೇ, ಹೀಗೆ ಸತ್ತಿತು ನಮ್ಮ ಜಿಂಜರ್. ಎಸೆನ್ಸಿನ ಮೊದಲ ಬಾಟ್ಲಿಯನ್ನು ಬೆಳಕಿಗೆ ಹಿಡಿದು ನೋಡಿ ಕಾಕೂ "ಶಾಯಿ" ಅಂದಳು. ಆದರೆ ಗಿರಾಕಿಗಳು ಕುಡಿದರು, ಛಲೋ ಅಂದರು. ಇದು ಇವತ್ತಿಗೂ ನನ್ನ ಹೊಟ್ಟೆ ಉರಿಸುತ್ತದೆ. ಈಗ ಹಳೆಯ ರುಚಿಗೆ ಅಳುವ ಮುದುಕರಲ್ಲಿ ಅರ್ಧ ಮಂದಿ ಅಳುವುದು ಆ ಶಾಯಿಗೆ.

ಬಾಟ್ಲಿಗಳು ತಿರುಗಿ ಬಂದ ಆ ದಿವಸ ಸಂಜೆ ಕಾಕೂ ನನ್ನನ್ನು ಒಲೆಯ ಮುಂದೆ ಕೂಡಿಸಿಕೊಂಡಳು. ಉಳಿದಿದ್ದ ಶುಂಠಿ ಜಜ್ಜಿ, ಕುದಿಯುವ ನೀರಿಗೆ ಹಾಕಿ, ತನ್ನ ಸೆರಗನ್ನೇ ನನ್ನ ತಲೆಯ ಮೇಲೆ ಹೊದಿಸಿ ಉಗಿ ಹಿಡಿಸಿದಳು. ಸೆರಗಿನೊಳಗೆ ನಾನು ಅಳುತ್ತಿದ್ದೆ. ಕಣ್ಣೀರಿಗೆ ಶುಂಠಿಯ ನೆಪ ಇತ್ತು. ಮೂಗು ಬಿಚ್ಚಿದ ಮೇಲೆ ಹೊರಗಿನಿಂದ ಅವಳ ದನಿ ಕೇಳಿಸಿತು: "ಮೂಗ ಕಟ್ಟಿದ್ರ ಕಟ್ಟೇತಿ ಅಂತ ಹೇಳಬೇಕವ್ವಾ. ಅದರಾಗ ಏನ ಅವಮಾನ?" ಬೈಯಲಿಲ್ಲ. ಬೈದಿದ್ದರೆ ನಾನು ಇಷ್ಟೊತ್ತಿಗೆ ಮರೆತಿರುತ್ತಿದ್ದೆ. ದೊಡ್ಡವಳಾದ ಮೇಲೆ ಎಲ್ಲರ ಮುಂದೆ ನಿಜ ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದೆನೋ. ಪ್ರತಿ ಸಲ ಕಾಕೂ ಏನಾದರೂ ಕೆಲಸ ಹೇಳಿ ಕಳಿಸಿಬಿಡುತ್ತಿದ್ದಳು. ಅಜ್ಜಿ ಹೋದಳು, ಕಾಕಾ ಹೋದ, ಕೊನೆಗೆ ಕಾಕೂನೂ ಹೋದಳು. ಮನೆ ಇದ್ದಲ್ಲಿ ಈಗ ಮೊಬೈಲ್ ರಿಪೇರಿಯ ಕಾಂಪ್ಲೆಕ್ಸ್. ಲೇಬಲ್ಲಿಗೆ ಹಾಕೋಣವೆಂದರೆ ಕಾಕೂನ ಒಂದು ಫೋಟೋ ಇಲ್ಲ. ಇದ್ದದ್ದರಲ್ಲಿ ಅವಳು ಎಲ್ಲೋ ಹಿಂದೆ, ಯಾರದೋ ಭುಜದ ಮರೆಗೆ.

ಹೋದ ರವಿವಾರ ಮಹೇಶ ಮತ್ತು ಅವನ ಹೆಂಡತಿ ಸ್ನೇಹಲ್ ನನ್ನ ಅಡಿಗೆಮನೆಯಲ್ಲಿ ನಾನು ಹೇಳಿದ ಹಾಗೆ ಪಾಕ ಮಾಡಿದರು. ಎಲ್ಲ ಆದ ಮೇಲೆ ಸ್ನೇಹಲ್ ಚಮಚ ನನ್ನ ಮುಂದೆ ಹಿಡಿದಳು, ಮಹೇಶ ಮೊಬೈಲ್ ಹಿಡಿದ, ಬೋರ್ಡಿನ ಪಕ್ಕ ವಿಡಿಯೋನೂ ಹಾಕುತ್ತಾರಂತೆ. "ಬರೋಬರ್ ಆಗೇತೇನ್ರಿ ಆತ್ಯಾ? ಹಳೇದರಂಗ?" ಅಂದಳು. ನುಂಗಿದೆ. ಕಣ್ಣು ಮುಚ್ಚಿದೆ. ಸಿಹಿ, ಹುಳಿ, ಸುಡುವ ನಾಲಿಗೆ, ಅಷ್ಟೇ. ಎರಡು ವರ್ಷದ ಹಿಂದೆ ಬಂದ ಜ್ವರದಲ್ಲಿ ನನ್ನ ಮೂಗು ಹೋಯಿತು, ತಿರುಗಿ ಬರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಮಂದಿಯ ಮುಖ ನೋಡಿ ಸಾರು ಘಮ್ ಅಂತಿದೆ ಅನ್ನುತ್ತ ಬಂದಿದ್ದೆ, ಹೀಗೆ ಎರಡು ವರ್ಷ. ಮಹೇಶ ಕಾಯುತ್ತಿದ್ದ. ಅವನಿಗೆ ಬೇಕಾದ ಒಂದೇ ಶಬ್ದ ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು.

"ನನಗ ವಾಸನಿ ಬರೂದಿಲ್ಲ, ಮಹೇಶಾ" ಅಂದೆ. "ನನ್ನ ಕೇಳಬ್ಯಾಡ."

ಅವನು ಮೊಬೈಲ್ ಕೆಳಗಿಳಿಸಿದ. ಆಗ ಎಲ್ಲ ಹೇಳಿದೆ, ಹರಿಪುರದ ಮಳೆಯಿಂದ ಹಿಡಿದು ಸೆರಗಿನ ಉಗಿಯವರೆಗೆ. ಬೋರ್ಡಿಗೆ ನಾಲ್ಕು ಲೈನ್ ಇವು, ಬೇಕಾದರೆ ಹಾಕು, ಬ್ಯಾಡಾದರೆ ಬಿಡು, ಆದರೆ ಜಿಂಜರ್ ನಿನ್ನ ಅಜ್ಜೀದು, ಅಜ್ಜಂದಲ್ಲ. ಆ ಸೋಮವಾರ ಆಕೆ ಬಾಯಿಗೆ ಏನೂ ಹಚ್ಚಿರಲಿಲ್ಲ ಅಂತ ಮೊದಲು ಬರಿ ಅಂದೆ. ಮಹೇಶ ಬಾಟ್ಲಿಯ ಲೇಬಲ್ಲನ್ನು ಉಗುರಿನಿಂದ ಕೆರೆಯತೊಡಗಿದ. ಸ್ನೇಹಲ್ ಚಮಚ ತೊಳೆದು, ಪಾತೇಲಿಯಲ್ಲಿ ಅದ್ದಿ, ತಾನೇ ಬಾಯಿಗೆ ಹಾಕಿಕೊಂಡಳು. ಗಂಟಲಿನಿಂದ ಏರುವುದಕ್ಕೆ ಕಾಯಬೇಕು ಅಂತ ಹೇಳಿದ್ದೆ. ಅವಳು ನುಂಗಿ ಕಣ್ಣು ಮುಚ್ಚಿದಳು. ನಾವು ಇಬ್ಬರೂ ಸುಮ್ಮನಾದೆವು, ಮಿರಜದ ಆ ಒದ್ದೆ ಫರಸಿಯ ಮೇಲೆ ಕಾಕೂ ಕಣ್ಣು ಮುಚ್ಚಿ ನಿಂತಾಗ ಇಡೀ ಮನೆ ಸುಮ್ಮನಾಗುತ್ತಿದ್ದ ಹಾಗೆ.