ತಟಸ್ಥನೊಬ್ಬನ ಅಜ್ಜಂಪುರ ಯಾತ್ರೆ

ಬೆಳಗ್ಗೆ ಕಡೂರಿನ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ನಾನು ಸಂಪೂರ್ಣ ತಟಸ್ಥ ಮನುಷ್ಯನಾಗಿದ್ದೆ. ಅಜ್ಜಂಪುರದ ಕಾಲೇಜೊಂದರಲ್ಲಿ ಭಾಷಣ ಸ್ಪರ್ಧೆ. ಇತಿಹಾಸದ ನಿವೃತ್ತ ಮೇಷ್ಟ್ರಾದ ನಾನೇ ಏಕೈಕ ತೀರ್ಪುಗಾರ. ವಿಷಯ: ತಟಸ್ಥ ದೇಶವೊಂದು ಮಹಾಯುದ್ಧದಲ್ಲಿ ಹೇಗೆ ಸಿಕ್ಕಿಕೊಳ್ಳುತ್ತದೆ. ಟಿವಿಯಲ್ಲಿ ಹಡಗುಗಳು ಹೊತ್ತಿ ಉರಿಯುತ್ತಿರುವ ಕಾಲವಾದ್ದರಿಂದ ವಿಷಯ ಸಕಾಲಿಕವೇ. ಗೆದ್ದ ಒಬ್ಬರಿಗೆ ಮಾತ್ರ ಚಿಕ್ಕಮಗಳೂರಿನ ಜಿಲ್ಲಾ ಸ್ಪರ್ಧೆಗೆ ಪ್ರವೇಶ.

ರೈಲು ಹತ್ತಿದ್ದರೆ ಬೀರೂರು ದಾಟಿ ನೇರ ಅಜ್ಜಂಪುರ. ಆದರೆ ಮೂವತ್ತು ವರ್ಷ ನನ್ನ ಶಾಲೆಯಲ್ಲೇ ಡ್ರಾಯಿಂಗ್ ಮೇಷ್ಟ್ರಾಗಿದ್ದ ತರೀಕೆರೆಯ ಖಲೀಲ್ ಸಾಹೇಬರು ಊಟಕ್ಕೆ ಕರೆದಿದ್ದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಯೋಚನೆ: ಇವತ್ತೇ ಏಕೆ ಊಟ?

ಉತ್ತರ ಬಾಗಿಲಲ್ಲೇ ನಿಂತಿತ್ತು. ಸಾಹೇಬರ ಮೊಮ್ಮಗಳು ಸಮೀನಾ, ದ್ವಿತೀಯ ಪಿಯುಸಿ. ಕೈಯಲ್ಲಿ ಭಾಷಣದ ಚೀಟಿ.

"ಇವಳೂ ಸ್ಪರ್ಧೇಲಿದಾಳಾ?" ಎಂದೆ.

"ಇದಾಳೆ. ಅದಕ್ಕೂ ಇದಕ್ಕೂ ಏನ್ರೀ? ಕೂತ್ಕೊಳ್ಳಿ, ಪಾಯ್ಸ ಆರೋಗುತ್ತೆ," ಎಂದರು ಸಾಹೇಬರು.

ಶಾವಿಗೆ ಪಾಯಸದಲ್ಲಿ ಗೋಡಂಬಿ ಅಗತ್ಯಕ್ಕಿಂತ ಹೆಚ್ಚಿತ್ತು. ಎರಡನೆಯ ಬಟ್ಟಲನ್ನು ತೀವ್ರ ಪ್ರತಿಭಟನೆಯೊಂದಿಗೆ ಸ್ವೀಕರಿಸಿದೆ.

ಅಜ್ಜಂಪುರಕ್ಕೆ ಆ ಹೊತ್ತಿಗೆ ಇದ್ದದ್ದು ಒಂದೇ ಬಸ್ಸು. ಅವಳೂ ಅದನ್ನೇ ಹತ್ತಿದಳು. ರಾಜತಾಂತ್ರಿಕ ಅಂತರ ಕಾಯಲು ಎರಡು ಸೀಟು ಹಿಂದೆ ಕುಳಿತೆ. ಅವಳಿಗೆ ಉಚಿತ ಟಿಕೆಟ್, ನನಗೆ ಚಾರ್ಜು. ತಟಸ್ಥರಿಗೆಂದು ಸರ್ಕಾರ ಏನನ್ನೂ ಘೋಷಿಸಿಲ್ಲ. ಬಿಸಿಲು ಚುರುಗುಟ್ಟುತ್ತಿತ್ತು. ಅಜ್ಜಂಪುರ ಹತ್ತಿರವಾದಾಗ ಹುಲ್ಲುಗಾವಲಿನಲ್ಲಿ ಅಮೃತಮಹಲ್ ದನಗಳು ಮೇಯುತ್ತಿದ್ದವು. ಒಂದು ಕಾಲಕ್ಕೆ ಫಿರಂಗಿ ಎಳೆದ ತಳಿ.

"ತಾತ, ಯಾರ ಕಡೆ ಎಳೀತೀರಾ ಅಂತ ಇವನ್ನ ಯಾರಾದ್ರೂ ಕೇಳಿದ್ರಾ?" ಸಮೀನಾ ಹಿಂದೆ ತಿರುಗಿ ಕೇಳಿದಳು.

ತೀರ್ಪುಗಾರನ ಮೇಲೆ ಪ್ರಭಾವ ಬೀರುವ ಯತ್ನವೆಂದು ಬಗೆದು ನಿದ್ದೆ ನಟಿಸಿದೆ.

ನಿಲ್ದಾಣದಲ್ಲಿ ಸ್ಪರ್ಧೆಯ ಸಂಚಾಲಕ ಶಿವಣ್ಣ ಕಾದಿದ್ದರು. ನಮ್ಮಿಬ್ಬರನ್ನೂ ನೋಡಿ, "ಓಹೋ, ತರೀಕೆರೆ ಮೇಲೆ ಬಂದ್ರಾ? ಊಟ ಆಯ್ತಾ ಮೇಷ್ಟ್ರೇ?" ಎಂದರು.

'ಊಟ'ದ ಮೇಲೆ ಒತ್ತು ಬಿದ್ದಂತೆ ಕೇಳಿಸಿತು. ಪಾಯಸದ ಸುದ್ದಿ ನನಗಿಂತ ಮೊದಲೇ ಊರು ತಲುಪಿತ್ತೇ?

"ಇಲ್ಲ, ಆಗಿಲ್ಲ," ಎಂದುಬಿಟ್ಟೆ. ಸಮೀನಾ ನನ್ನ ಮುಖ ನೋಡಿದಳು. ಫಲವಾಗಿ ಶಿವಣ್ಣನವರ ಮನೆಯಲ್ಲಿ ಮುದ್ದೆ, ಹುರುಳಿ ಸಾರು. ಪ್ರತಿ ತುತ್ತೂ ವಿಚಾರಣೆಯಂತೆ ಇಳಿಯಿತು.

ಸ್ಪರ್ಧೆಯಲ್ಲಿ ಅಜ್ಜಂಪುರದ ಹುಡುಗನೊಬ್ಬ ಮೇಜು ಗುದ್ದಿ ಮಾತಾಡಿದ. ಮೇಜು ಅಲುಗಿತು, ವಿಷಯ ಅಲುಗಲಿಲ್ಲ. ಸಮೀನಾ ಮೆಲ್ಲಗೆ ಶುರುಮಾಡಿದಳು. ಮೊದಲ ಮಹಾಯುದ್ಧದಲ್ಲಿ ಪೋರ್ಚುಗಲ್ ಸುಮ್ಮನಿತ್ತಂತೆ. ಅದರ ಬಂದರಿನಲ್ಲಿ ಜರ್ಮನಿಯ ಹಡಗುಗಳು ನಿಂತಿದ್ದವು. ಹಳೆಯ ಗೆಳೆಯ ಇಂಗ್ಲೆಂಡ್ ಕೇಳಿತೆಂದು ಪೋರ್ಚುಗಲ್ ಅವನ್ನು ವಶಪಡಿಸಿಕೊಂಡಿತು. ಜರ್ಮನಿ ಯುದ್ಧ ಸಾರಿತು.

"ತಟಸ್ಥರನ್ನ ಫಿರಂಗಿ ಎಳೆಯಲ್ಲ, ಅನುಮಾನ ಎಳೆಯುತ್ತೆ," ಎಂದಳು. "ನಾನು ಅವನ ಕಡೆಯವನಲ್ಲ ಅಂತ ತೋರಿಸೋಕೆ ಹೋಗಿ, ಇವನ ಪಕ್ಕದಲ್ಲಿ ನಿಂತಿರ್ತಾರೆ."

ಮೊದಲ ಸ್ಥಾನ ಅವಳದೇ, ಅದರಲ್ಲಿ ಸಂಶಯವಿರಲಿಲ್ಲ. ಆದರೆ ತಲೆಯೆತ್ತಿದರೆ ಸಭಿಕರ ಕಣ್ಣುಗಳಲ್ಲೆಲ್ಲ ಪಾಯಸ. ಅವಳ ಅಂಕ ತಿದ್ದಿ, ಆ ಹುಡುಗನಿಗಿಂತ ಒಂದು ಕಡಿಮೆ ಮಾಡಿದೆ.

ಬಹುಮಾನ ಹಂಚಿದ ಮೇಲೆ ಶಿವಣ್ಣ ಹತ್ತಿರ ಬಂದರು. ಎರಡನೆಯ ಬಹುಮಾನದ ಸ್ಟೀಲ್ ಡಬ್ಬಿ ಹಿಡಿದು ಸಮೀನಾ ಅಲ್ಲೇ ನಿಂತಿದ್ದಳು.

"ಇವ್ಳಿಗೇ ಕೊಡ್ತೀರಿ ಅಂದ್ಕೊಂಡಿದ್ವಲ್ರೀ. ನಮ್ಗೆಲ್ಲ ಇವ್ಳ ಮಾತೇ ಹಿಡಿಸ್ತು."

"ಸಾಹೇಬ್ರ ಮನೇಲಿ ಉಂಡು ಬಂದಿದ್ದೆ, ಶಿವಣ್ಣ," ಎಂದೆ.

"ಗೊತ್ತು ಕಣ್ರೀ, ಅವ್ರೇ ಫೋನ್ ಮಾಡಿ ಹೇಳಿದ್ರು. ನೀವು ಆಗಿಲ್ಲ ಅಂದ್ರಲ್ಲ, ಅದಕ್ಕೇ ಮುದ್ದೆ ಹಾಕ್ಸಿದೆ."

"ಅನುಮಾನ ಬರ್ಲಿಲ್ವಾ?"

"ಉಣ್ಣೋದ್ರಲ್ಲಿ ಎಂಥ ಅನುಮಾನ್ರೀ?"

ಒಂದಂಕ ತಪ್ಪಿದೆ, ತಿದ್ದಬಹುದೇ ಎಂದೆ. ಹುಡುಗನ ಫೋಟೋ ಆಗಲೇ ಜಿಲ್ಲೆಯ ವಾಟ್ಸಾಪ್ ಗುಂಪಿಗೆ ಹೋಗಿಯಾಗಿತ್ತು.

ಸಂಜೆ ಕಡೂರಿಗೆ ರೈಲಿತ್ತು. ನಾನು ತರೀಕೆರೆ ಬಸ್ಸು ಹತ್ತಿ, ಈ ಸಲ ಸಮೀನಾಳ ಪಕ್ಕದಲ್ಲೇ ಕುಳಿತೆ.

"ಮೊದಲ್ನೇದು ನಿಂದಾಗಿತ್ತು ಅಂತ ನಿಮ್ಮ ದಾದಾ ಸಾಹೇಬ್ರಿಗೆ ನಾನೇ ಹೇಳ್ತೀನಿ," ಎಂದೆ.

ಅವಳು ಡಬ್ಬಿಯ ಮುಚ್ಚಳ ತಿರುಗಿಸಿದಳು. ನಾನು ಹಿಂದೆ ತಿರುಗಿ ನೋಡಿದರೆ ಹುಲ್ಲುಗಾವಲಿನ ದನಗಳು ತಲೆಯೆತ್ತದೆ ಮೇಯುತ್ತಿದ್ದವು.

"ಹೇಳಿ," ಎಂದಳು. "ಆದ್ರೆ ತಾತ, ದಾದಾ ಬಾಗ್ಲಲ್ಲೇ ಊಟ ಆಯ್ತಾ ಅಂತ ಕೇಳ್ತಾರೆ. ಈ ಸಲ ನಿಜ ಹೇಳ್ಬಿಡಿ."