ಅತ್ತಿಗೆ ಕುಟ್ಟಿದ ಹಪ್ಪಳದ ಹಿಟ್ಟು

ನನ್ನ ಕೈಯಿಂದ ಇವತ್ತಿಗೂ ಒಂದು ಹಪ್ಪಳ ದುಂಡಗೆ ಬಂದಿಲ್ಲ. ಅದಕ್ಕೆ ನನಗೆ ನಾಚಿಕೆಯೂ ಇಲ್ಲ. ಆದರೆ ಹಪ್ಪಳ ಅಂದಕೂಡಲೇ ನನ್ನ ಅತ್ತಿಗೆಯನ್ನು ನೆನೆದು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಐವತ್ತರ ದಶಕದಲ್ಲಿ ರಾಜಾಜಿನಗರವೆಂದರೆ ಅರ್ಧ ಮನೆ, ಅರ್ಧ ಖಾಲಿ ಸೈಟು. ಇಟ್ಟಿಗೆ ಲಾರಿ ಹೋದರೆ ಅಂಗಳವೆಲ್ಲ ಧೂಳು. ಹಾಗಾಗಿ ಉದ್ದಿನ ಹಪ್ಪಳದ ಕೆಲಸ ನಡುಮನೆಯೊಳಗೇ. ಬೇಸಿಗೆಯಲ್ಲಿ ದಿನಕ್ಕೊಬ್ಬರ ಮನೆಯ ಸರದಿ. ಅಕ್ಕಪಕ್ಕದ ಹೆಂಗಸರು ತಮ್ಮ ತಮ್ಮ ಮಣೆ, ಲಟ್ಟಣಿಗೆ ಹಿಡಿದು ಬರುತ್ತಿದ್ದರು. ಯಾರ ಹಪ್ಪಳ ಎಷ್ಟು ತೆಳು ಎಂದು ಓರೆಗಣ್ಣಿನಲ್ಲಿ ನೋಡಿಕೊಳ್ಳುವುದೂ ನಡೆಯುತ್ತಿತ್ತು. ನಮ್ಮ ಮನೆಯ ಹಪ್ಪಳದ ಬಗ್ಗೆ ಯಾರಾದರೂ ತುಟಿ ಬಿಚ್ಚಿದರೆ ಅಮ್ಮನಿಗೆ ಮೈಯೆಲ್ಲ ಉರಿ.

ಅಣ್ಣನ ಮದುವೆಯಾಗಿ ಅತ್ತಿಗೆ ಬಂದ ಮೊದಲ ಬೇಸಿಗೆ ಅದು. ಸುಂಕದಕಟ್ಟೆ ಕಡೆಯ ಬೇಸಾಯದ ಮನೆಯವರು. ಏಳು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡಿದ್ದರು. ರಾಗಿ ಕುಟ್ಟಿ, ಬೀಸಿ ಗೊತ್ತಿತ್ತೇ ಹೊರತು ಹಪ್ಪಳ ಒತ್ತಿ ಗೊತ್ತಿರಲಿಲ್ಲ. ನಾಲ್ಕು ಜನರೆದುರು ಮರ್ಯಾದೆ ಉಳಿದರೆ ಸಾಕು ಎಂದು, ನಮ್ಮ ಮನೆಯ ಸರದಿಯ ದಿನ ಬೆಳಿಗ್ಗೆ ನನ್ನ ಹತ್ತಿರ ಎರಡು ಸಲ ಹೇಳಿದ್ದರು.

ಅವರು ಒತ್ತಿದ ಮೊದಲ ಹಪ್ಪಳದ ಅಂಚೆಲ್ಲ ಬಿರಿಯಿತು. ಇನ್ನೊಂದೂ ಹಾಗೇ. ಪಕ್ಕದ ಮನೆಯಾಕೆ ಮುಸಿಮುಸಿ ನಕ್ಕರು. ಅಮ್ಮನಿಗೆ ತಡೆಯಲಾಗಲಿಲ್ಲ.

"ಒಂದು ಹಪ್ಪಳ ಒತ್ತೋಕೂ ಬರಲ್ವಲ್ಲೇ! ನಿಮ್ಮಮ್ಮ ಏನೂ ಕಲಿಸಲಿಲ್ವಾ?"

ಅಂದಮೇಲೆ ಅಮ್ಮನ ಮುಖವೇ ಕಪ್ಪಿಟ್ಟಿತು. ಆದರೆ ಮಾತು ಬಾಯಿ ದಾಟಿ ಆಗಿತ್ತು. ಲಟ್ಟಣಿಗೆಗಳೆಲ್ಲ ನಿಂತವು. ನನಗಂತೂ ಅಮ್ಮನ ಮೇಲೆ ಕೆಟ್ಟ ಸಿಟ್ಟು ಬಂತು.

ಅತ್ತಿಗೆ ಅಳಲಿಲ್ಲ. ಬಿರಿದ ಹಪ್ಪಳವನ್ನು ಮತ್ತೆ ಉಂಡೆ ಮಾಡಿ, ಬೆರಳಲ್ಲಿ ಎಳೆದು ನೋಡಿದರು. ಹಿಟ್ಟು ಪಟಕ್ಕನೆ ತುಂಡಾಯಿತು.

"ಅತ್ತೆ, ಹಿಟ್ಟಿಗೆ ಇನ್ನೂ ಹದ ಬಂದಿಲ್ಲ ಅನ್ಸುತ್ತೆ. ಕುಟ್ಕೊಂಡು ಬರ್ಲಾ?"

ಆ ಹಿಟ್ಟನ್ನು ಕುಟ್ಟಿದ್ದು ಅಮ್ಮನೇ. "ಹೂಂ" ಎಂದಷ್ಟೇ ಅಂದಳು.

ಹಿತ್ತಲಿನ ಒರಳಿನ ಮುಂದೆ ಅತ್ತಿಗೆ ಸೆರಗು ಬಿಗಿದು ಒನಕೆ ಹಿಡಿದರು. ಎಣ್ಣೆ ಸವರುವುದು, ಕುಟ್ಟುವುದು, ಮಡಚುವುದು, ಮತ್ತೆ ಕುಟ್ಟುವುದು. ಮಡಚಿಕೊಡಲು ಕೂತ ನಾನೇ ಅರ್ಧ ಗಂಟೆಗೆ ಸುಸ್ತಾದೆ. ಅವರು ಒನಕೆಯನ್ನು ಕೈಯಿಂದ ಕೈಗೆ ಬದಲಿಸುತ್ತಾ ಒಂದೇ ಸಮನೆ ಕುಟ್ಟಿದರು. ಅಂಥ ತೋಳು, ಅಂಥ ತಾಳ್ಮೆ ನಾನು ಆಮೇಲೆ ಎಲ್ಲೂ ನೋಡಿಲ್ಲ. ಹಿಟ್ಟು ಬೆಣ್ಣೆಯ ಹಾಗೆ ನುಣ್ಣಗಾಯಿತು.

ಆಮೇಲೆ ಎಲ್ಲರ ಹಪ್ಪಳವೂ ಅಂಚು ಬಿರಿಯದೆ ಹರಡಿಕೊಂಡಿತು. ಮೊದಲು ನಕ್ಕಾಕೆಯೇ, "ಏನ್ರೀ ಹಿಟ್ಟು ಇದು! ಮಣೆ ಕಾಣೋ ಅಷ್ಟು ತೆಳ್ಳಗೆ ಬರ್ತಾ ಇದೆ" ಎಂದರು. ಅತ್ತಿಗೆಯ ಹಪ್ಪಳ ಮಾತ್ರ ಇನ್ನೂ ಸೊಟ್ಟ.

ಅಮ್ಮ ತನ್ನ ಮಣೆ ಬಿಟ್ಟು ಎದ್ದು ಬಂದು ಅತ್ತಿಗೆಯ ಪಕ್ಕ ಕೂತಳು. ಕೆಂಪಾಗಿದ್ದ ಅವರ ಕೈಗಳ ಮೇಲೆ ತನ್ನ ಕೈಗಳನ್ನಿಟ್ಟು ಲಟ್ಟಣಿಗೆ ಉರುಳಿಸಿದಳು. "ಅಂಚಿಗೆ ಒತ್ತು, ಮಧ್ಯ ಹಗುರ. ಹಾಂ, ಹಾಗೆ." ದುಂಡನೆಯ ಹಪ್ಪಳ ಬಂತು.

"ಯಾರು ಕಲಿಸಿದ್ರು ಅಂತ ಯಾರಾದ್ರೂ ಕೇಳಿದ್ರೆ," ಎಂದಳು ಅಮ್ಮ, ಎಲ್ಲರಿಗೂ ಕೇಳುವಂತೆ, "ನಮ್ಮತ್ತೆ ಅನ್ಬೇಡ. ನಮ್ಮಮ್ಮ ಅನ್ನು."

ಅಲ್ಲಿಯವರೆಗೂ ತಡೆದುಕೊಂಡಿದ್ದ ಅತ್ತಿಗೆ ಆಗ ಅತ್ತರು.