ಹೆಣ ಮೀಯಿಸುವವಳ ಮಗ ಬರೆದ ಚಿತ್ರಕಥೆ

ನಮ್ಮಮ್ಮನ ಹೆಸರು ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಾಗಲೂಬಾರದು. ಕೈರೋದ ಸಯ್ಯಿದಾ ಜೈನಬ್‌ನಲ್ಲಿ ತಾಯಿಯ ಹೆಸರು ಹೊರಗೆ ಬಿದ್ದ ಹುಡುಗ ಶಾಲೆ ಮುಗಿಸುವವರೆಗೂ ತಲೆ ಎತ್ತುವಂತಿಲ್ಲ. ಜಗಳಕ್ಕೆ ಬಂದವರು ಮೊದಲು ಆ ಹೆಸರನ್ನೇ ಕೂಗುತ್ತಾರೆ. ಹಾಗಾಗಿ ಅವಳು ಎಲ್ಲರಿಗೂ ಸಾಬಿರನಮ್ಮ. ಸಾಬಿರ್ ನಾನು. ವಯಸ್ಸು ಮೂವತ್ತೆಂಟು, ಮದುವೆಯಿಲ್ಲ, ಒಂದು ಮುದ್ರಣಾಲಯದಲ್ಲಿ ಲಗ್ನಪತ್ರಿಕೆಗೆ ಹೂಬಳ್ಳಿ ಬರೆಯುವ ಕೆಲಸ. ಈ ಕಥೆಯಲ್ಲಿ ನಾನು ಒಳ್ಳೆಯವನಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಯಾರೂ ಆಮೇಲೆ ಬೇಸರ ಪಡಬೇಕಿಲ್ಲ.

ಅಮ್ಮ ಸತ್ತ ಹೆಂಗಸರನ್ನು ಮೀಯಿಸುತ್ತಾಳೆ. ಸುತ್ತಲಿನ ಏಳೆಂಟು ಓಣಿಗಳಲ್ಲಿ ಯಾವ ಮನೆಯ ಹೆಂಗಸು ಹೋದರೂ ನಮ್ಮ ಬಾಗಿಲು ತಟ್ಟುತ್ತಾರೆ. ಗಂಟು ಸದಾ ಸಿದ್ಧ: ಸೋಪು, ಕರ್ಪೂರ, ಒಣಗಿದ ಎಲಚಿ ಎಲೆಯ ಪುಡಿ, ಹತ್ತಿ, ಬಾಚಣಿಗೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಸತ್ತವಳ ಮೈಯ ಎಲ್ಲ ಗುಟ್ಟೂ ಅವಳ ಕೈಗೆ ಬರುತ್ತದೆ. ಹೊರಗೆ ಬಂದಮೇಲೆ ಒಂದೇ ಮಾತು ಹೇಳಬಹುದು: ಮುಖದಲ್ಲಿ ಕಳೆ ಇತ್ತು. ಉಳಿದದ್ದಕ್ಕೆ ಬಾಯಿ ಹೊಲಿದುಕೊಳ್ಳಬೇಕು. ದೇವರ ಕಟ್ಟಳೆಯೇ ಅದು. ಓದು ಬರಹ ಬಾರದ ಅಮ್ಮ ಈ ಒಂದು ಕಟ್ಟಳೆಯನ್ನು ಮಾತ್ರ ಉಸಿರಿನ ಜೊತೆ ಇಟ್ಟುಕೊಂಡಿದ್ದಳು.

ಆದರೆ ಎರಡು ಮೂರು ವರ್ಷಕ್ಕೊಮ್ಮೆ ಯಾವುದೋ ಒಂದು ಎದೆಯಲ್ಲಿ ನಿಲ್ಲದೆ ಮೇಲಕ್ಕೆ ಬರುತ್ತಿತ್ತು. ಆಗ ಕೇಳುವವನು ನಾನೊಬ್ಬನೇ. ಅಪ್ಪ ಹೋಗಿ ಇಪ್ಪತ್ತು ವರ್ಷವಾಗಿದೆ. "ಬಾವಿಗೆ ಹೇಳ್ದಂಗೆ ನಿಂಗೆ ಹೇಳ್ತಿದೀನಿ ಕಣೋ," ಎನ್ನುವಳು. ನಾನು ತಲೆ ಆಡಿಸುತ್ತಿದ್ದೆ. ಹಾಗೆ ಹದಿನೈದು ವರ್ಷದಲ್ಲಿ ನನ್ನಲ್ಲಿ ಆರು ಕಥೆಗಳು ಬಿದ್ದವು.

ಆರನೆಯದು ಮದಾಮ್ ಲವಾಹಿಜಳದು. ಓಣಿಯ ಕೊನೆಯಲ್ಲಿ ಹೆಂಗಸರ ಸಲೂನ್ ನಡೆಸುತ್ತಿದ್ದವಳು, ಅಮ್ಮನ ಗೆಳತಿ. ಅವಳ ಜಡೆ ಅಂದರೆ ಜಡೆ. ತಲೆವಸ್ತ್ರದ ಕೆಳಗಿನಿಂದ ಸೊಂಟದವರೆಗೆ ಇಳಿದು, ತುದಿಯಲ್ಲಿ ಹಸಿರು ರಿಬ್ಬನ್. ಮದುವೆ ಹುಡುಗಿಯರು ಆ ಜಡೆ ನೋಡಿಯೇ ಅಲ್ಲಿಗೆ ಬರುತ್ತಿದ್ದರು. "ಯಾವ ಎಣ್ಣೆ ಮದಾಮ್?" ಎಂದು ಕೇಳಿದರೆ, "ಹೊಟ್ಟೆಕಿಚ್ಚು ಪಡದೇ ಇರೋದು," ಎಂದು ಉತ್ತರ. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವಳು ಏಳಲಿಲ್ಲ. ಅಮ್ಮ ಮೀಯಿಸಲು ಹೋದಳು.

ಮಧ್ಯಾಹ್ನ ಮನೆಗೆ ಬಂದವಳು ಊಟದ ಮುಂದೆ ಕೂತು ಅಳಲು ಶುರು ಮಾಡಿದಳು. ತಲೆವಸ್ತ್ರ ತೆಗೆದರೆ ಲವಾಹಿಜಳ ತಲೆ ತಂಬಿಗೆಯ ತಳದ ಹಾಗೆ ನುಣ್ಣಗಿತ್ತಂತೆ. ಜಡೆಯನ್ನು ತಲೆವಸ್ತ್ರಕ್ಕೇ ಹೊಲಿದುಕೊಂಡಿದ್ದಳು. ಗಂಡ ಸತ್ತ ವರ್ಷವೇ ಕೂದಲೆಲ್ಲ ಉದುರಿರಬೇಕು. ಬೇರೆ ಮನೆಯಲ್ಲಿ ಸಂಸಾರ ಮಾಡಿಕೊಂಡಿದ್ದ ಒಬ್ಬಳೇ ಮಗಳು ಶಾಹಿನಾಜಳಿಗೂ ಅದು ಗೊತ್ತಿರಲಿಲ್ಲ.

ಹೆಂಗಸಿನ ಹೆಣಕ್ಕೆ ಕೂದಲು ತೊಳೆದು, ಬಾಚಿ, ಮೂರು ಜಡೆ ಹೆಣೆದು ಹಿಂದಕ್ಕೆ ಹಾಕುವುದು ಪದ್ಧತಿ. ಹೆಣಕ್ಕೆ ಕಫನ್ ಬಟ್ಟೆ ಸುತ್ತಿ ಕಟ್ಟುವ ಮೊದಲು ಮಗಳು ಕೊನೆಯ ಸಲ ಮುಖ ನೋಡಲು ಬರುತ್ತಾಳೆ. ಅಮ್ಮ ಜೊತೆಯಲ್ಲಿ ನೀರು ಎರೆಯುತ್ತಿದ್ದವಳನ್ನು ಏನೋ ನೆಪ ಹೇಳಿ ಹೊರಗೆ ಕಳಿಸಿದಳು. ಹೊಲಿಗೆ ಬಿಚ್ಚಿ, ಆ ಸುಳ್ಳು ಜಡೆಯನ್ನು ಬಿಡಿಸಿ, ತೊಳೆದು, ಮೂರಾಗಿ ಹೆಣೆದು ಕತ್ತಿನ ಕೆಳಗೆ ಇಟ್ಟಳು. ಹಣೆಗೆ ಬಟ್ಟೆ ಎಳೆದಳು. ಶಾಹಿನಾಜ್ ಬಂದು ಜಡೆಗಳನ್ನು ಮುಟ್ಟಿ ಮುತ್ತಿಟ್ಟು ಹೋದಳು.

"ಕಫನ್‌ನಲ್ಲಿ ಕಂಡೋರ ಕೂದ್ಲು ಇಟ್ಟುಬಿಟ್ಟೆ ಕಣೋ. ಯಾವ ಶೇಖ್ ಒಪ್ತಾನೆ ಇದನ್ನ? ನಾಳೆ ದೇವರು ಕೇಳಿದ್ರೆ ಏನಂತ ಹೇಳ್ಲಿ?"

"ಗೆಳತಿ ಅಂತ ಹೇಳಮ್ಮ," ಎಂದೆ ನಾನು. ಅಷ್ಟು ಒಳ್ಳೆಯ ಮಾತು ನನ್ನ ಬಾಯಿಂದ ಆಮೇಲೆ ಬಂದಿಲ್ಲ. ಅದೇ ವಾರ ಪೆನ್ಸಿಲ್ ಹಿಡಿದು ಕೂತೆ.

ಹದಿನೆಂಟು ವರ್ಷ ಬೇರೆಯವರ ಮದುವೆಗೆ ಬಳ್ಳಿ ಬರೆದವನಿಗೆ ಒಂದಾದರೂ ತನ್ನದು ಬೇಕೆನಿಸುತ್ತದೆ. ನಗರದ ನಡುವಿನ ಒಂದು ತೋಟದಲ್ಲಿ ವರ್ಷಕ್ಕೊಮ್ಮೆ ಹುಡುಗ ಹುಡುಗಿಯರು ತಾವೇ ಬರೆದು ತಾವೇ ಅಚ್ಚು ಹಾಕಿಸಿದ ಚಿತ್ರಕಥೆಯ ಕಾಮಿಕ್ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂರುತ್ತಾರೆ. ಎರಡು ಸಲ ಹೋಗಿ ನೋಡಿ ಹೊಟ್ಟೆ ಉರಿಸಿಕೊಂಡು ಬಂದಿದ್ದೆ. ಅವರಿಗೆ ಕೈ ಅಷ್ಟಕ್ಕಷ್ಟೆ, ಹೇಳುವುದಕ್ಕೂ ಏನಿಲ್ಲ, ಆದರೂ ಪುಸ್ತಕ ಇತ್ತು. ನನಗೆ ಕೈಯೂ ಇತ್ತು, ಆರು ಕಥೆಯೂ ಇತ್ತು. ಕಥೆ ನನ್ನದಲ್ಲ ಎನ್ನುವುದು ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಅದಕ್ಕೇ ಮನೆಯಲ್ಲಿ ಬರೆಯಲಿಲ್ಲ. ಶುಕ್ರವಾರ ಅಂಗಡಿ ಮುಚ್ಚಿದ ಮೇಲೆ ಹಿಂಬಾಗಿಲಿಂದ ಹೋಗಿ ಬರೆದೆ. ಲಗ್ನದ ಕಾಲ, ಕೆಲಸ ಜಾಸ್ತಿ ಎಂದು ಅಮ್ಮನಿಗೆ ಹೇಳಿದೆ. ಅವಳು ಪಾಪ, ನನಗೆಂದು ಬ್ರೆಡ್ಡು, ಚೀಸು ಕಟ್ಟಿ ಕಳಿಸುತ್ತಿದ್ದಳು. ತಿಂದು ಬರೆದೆ.

ಗುಟ್ಟು ಕಾಯುವ ವಿಷಯದಲ್ಲಿ ನಾನು ಬಹಳ ಜಾಣನೆಂದುಕೊಂಡಿದ್ದೆ. ನಮ್ಮ ಲಗ್ನಪತ್ರಿಕೆಗಳಲ್ಲಿ ಎಷ್ಟೋ ಮನೆಯವರು ಮದುಮಗಳ ಹೆಸರನ್ನೇ ಹಾಕಿಸುವುದಿಲ್ಲ. ಹಾಜಿ ಇಂಥವರ ಮಗಳು ಎಂದಿದ್ದರೆ ಮುಗಿಯಿತು, ಮರ್ಯಾದೆ ಉಳಿಯಿತು. ಹೆಸರು ಮುಚ್ಚಿದರೆ ಎಲ್ಲ ಮುಚ್ಚಿದ ಹಾಗೆ ಎನ್ನುವ ಲೆಕ್ಕದಲ್ಲೇ ಬೆಳೆದವನು ನಾನು. ಲವಾಹಿಜಳಿಗೆ ಸೂಸೂ ಎಂದು ಹೆಸರಿಟ್ಟೆ, ಸಲೂನನ್ನು ಅಲೆಕ್ಸಾಂಡ್ರಿಯಾಕ್ಕೆ ಸಾಗಿಸಿದೆ. ಅಮ್ಮನ ಹೆಸರನ್ನಂತೂ ಎಲ್ಲೂ ಬರೆಯಲಿಲ್ಲ. ಆದರೆ ಕೈ ಕೇಳಬೇಕಲ್ಲ? ಅದು ಕಂಡದ್ದನ್ನೇ ಬರೆಯಿತು. ಅದೇ ಜಡೆ, ತುದಿಯಲ್ಲಿ ಅದೇ ರಿಬ್ಬನ್, ಅದೇ ಒಂದು ಕಾಲು ಕುಂಟುವ ಸಲೂನ್ ಕುರ್ಚಿ. ಮೀಯಿಸುವವಳ ಮುಖ ತೋರಿಸಲಿಲ್ಲ, ಆದರೆ ಮೇಲಕ್ಕೆ ಮಡಿಸಿದ ಅಂಗಿತೋಳು, ಬಗ್ಗಿದ ಬೆನ್ನು ನಮ್ಮಮ್ಮನದೇ. ಈಗಲೂ ಅದನ್ನೇ ಹೇಳುತ್ತಿದ್ದೀಯಲ್ಲ ಎಂದು ನೀವು ಕೇಳಬಹುದು. ಈ ಸಲ ಹೆಸರಿನ ಜೊತೆ ಓಣಿ, ಕುರ್ಚಿ, ರಿಬ್ಬನ್ನಿನ ಬಣ್ಣ ಎಲ್ಲ ಬದಲಿಸಿದ್ದೇನೆ. ಬುದ್ಧಿ ಬಂದದ್ದು ಇಷ್ಟೇ, ಅದೂ ತಡವಾಗಿ.

ಆರು ಕಥೆ, ಮೂವತ್ತೆರಡು ಪುಟ, ಇನ್ನೂರು ಪ್ರತಿ. ಲಗ್ನಪತ್ರಿಕೆಗೆ ತಂದು ಉಳಿದಿದ್ದ ಕೆನೆಬಣ್ಣದ ರಟ್ಟು ರಕ್ಷಾಪುಟವಾಯಿತು. ಮಾಲೀಕ ಉಸ್ತಾ ಬಯೂಮಿ ಯಂತ್ರ ಬಿಟ್ಟುಕೊಟ್ಟು, "ಮಗಾ, ಇದ್ರಲ್ಲಿ ಮದುವೆ ಒಂದೂ ಇಲ್ವಲ್ಲೋ, ಬರೀ ಹೆಣ. ಯಾರು ತಗೋತಾರೆ?" ಎಂದ. ತೋಟದ ಮೇಜಿನಲ್ಲಿ ಒಂದೇ ದಿನ ಎಂಬತ್ತು ಪ್ರತಿ ಹೋದವು. ಬೋಳುತಲೆಯ ಸೂಸೂ ಎಲ್ಲರಿಗೂ ಇಷ್ಟವಾದಳು. ಕನ್ನಡಕದ ಹುಡುಗಿಯೊಬ್ಬಳು ಓದಿ ಕಣ್ಣೊರೆಸಿಕೊಂಡು, "ಇದೆಲ್ಲಾ ನಿಮಗೆ ಹೇಗೆ ಹೊಳೀತು ಸರ್?" ಎಂದು ಕೇಳಿದಳು. "ಹಾಗೇ ಕೂತಿರೋವಾಗ ಬರುತ್ತೆ," ಎಂದೆ. ಆ ಮಾತು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಪುಸ್ತಕವನ್ನು ಓಣಿಗೆ ಒಂದೂ ತರಲಿಲ್ಲ. ಆದರೆ ಅಚ್ಚು ಹಾಕುವಾಗ ಹಾಳಾದ ಹಾಳೆಗಳು ಇರುತ್ತವಲ್ಲ, ಮಸಿ ಹರಡಿದವು, ಓರೆ ಬಿದ್ದವು? ಎಲ್ಲ ಮುದ್ರಣಾಲಯಗಳ ಹಾಗೆ ನಮ್ಮಲ್ಲೂ ಅವನ್ನು ಮೂಲೆಗೆ ಒಟ್ಟಿ, ತಿಂಗಳಿಗೊಮ್ಮೆ ತಾಮಿಯಾ ಮಾರುವವರಿಗೆ ಕೊಡುವುದು ರೂಢಿ. ಬೆಳಗಿನ ಹೊತ್ತು ಬಿಸಿ ಬೇಳೆವಡೆ ಸುತ್ತಿಕೊಡಲು ಅವರಿಗೆ ಕಾಗದ ಬೇಕು. ನಮ್ಮ ಓಣಿಯ ಖಲೀಲ್ ಚಿಕ್ಕಪ್ಪ ಒಂದು ದಿನ ಕೇಳಿದ. ನಾನೇ ಹಗ್ಗ ಕಟ್ಟಿದ ಒಂದು ಹೊರೆಯನ್ನು ಹೆಗಲ ಮೇಲೆ ಹೊತ್ತು ತಂದುಕೊಟ್ಟೆ. ಒಳಗೆ ಏನಿದೆ ಎಂದು ನೋಡಲಿಲ್ಲ. ಹದಿನೆಂಟು ವರ್ಷದಿಂದ ಯಾರು ನೋಡಿದ್ದಾರೆ?

ಮರುದಿನ ಬೆಳಿಗ್ಗೆ ಅಮ್ಮ ತಾಮಿಯಾ ತಂದಳು. ತಟ್ಟೆಗೆ ಸುರಿಯಲು ಪೊಟ್ಟಣ ಬಿಚ್ಚಿದಳು. ನಾನು ಟೀ ಸೋಸುತ್ತಿದ್ದೆ. ಲೋಟ ಕೊಡಲು ತಿರುಗಿದೆ. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಎಣ್ಣೆ ಹೀರಿದ ಕಡೆ ಚಿತ್ರ ಇನ್ನೂ ಸ್ಪಷ್ಟವಾಗಿತ್ತು: ಬೋಳುತಲೆ, ಪಕ್ಕದಲ್ಲಿ ಬಿಡಿಸಿಟ್ಟ ಜಡೆ, ರಿಬ್ಬನ್, ಬಗ್ಗಿದ ಬೆನ್ನು.

"ಇದು ಲವಾಹಿಜ್," ಎಂದಳು.

"ಅಲ್ಲಮ್ಮ. ಸೂಸೂ ಅಂತ ಬರೆದಿದೆ ನೋಡು. ಊರೂ ಬೇರೆ."

"ನಂಗೆ ಓದೋಕೆ ಬರಲ್ಲ," ಎಂದಳು ಅಮ್ಮ. "ನೋಡೋಕೆ ಬರುತ್ತೆ. ಇದು ಲವಾಹಿಜ್. ಇದು ನಾನು."

ನೆಲ ಬಾಯಿ ಬಿಡಬಾರದೇ ಎನಿಸಿತು. ಬಿಡಲಿಲ್ಲ. ಹೆಸರು ಬದಲಿಸಿದ್ದು ಓದು ಬರುವವರ ಕಣ್ಣು ಕಟ್ಟಲು. ನಮ್ಮ ಓಣಿಯ ಅರ್ಧ ಹೆಂಗಸರಿಗೆ ಓದು ಬಾರದು, ಅವರೆಲ್ಲ ಆ ಹೊತ್ತಿಗೆ ಖಲೀಲ್ ಚಿಕ್ಕಪ್ಪನ ಬಾಣಲೆಯ ಮುಂದೆ ಸಾಲು ನಿಂತಿದ್ದರು. ಚಪ್ಪಲಿಯೂ ಹಾಕದೆ ಓಡಿದೆ. ಉಳಿದ ಹಾಳೆಗಳನ್ನು ಬಾಚಿಕೊಂಡೆ. "ಏನಾಯ್ತೋ ನಿಂಗೆ? ನೀನೇ ತಂದುಕೊಟ್ಟೆಯಲ್ಲೋ!" ಎಂದ ಚಿಕ್ಕಪ್ಪ. ಅಷ್ಟರಲ್ಲಿ ಮೂವತ್ತು ನಲವತ್ತು ಪೊಟ್ಟಣ ಹೋಗಿದ್ದವು. ಸಾಲಿನಲ್ಲಿದ್ದವರು ನನ್ನನ್ನೇ ನೋಡಿದರು.

ಮಧ್ಯಾಹ್ನ ಶಾಹಿನಾಜ್ ಬಂದಳು. ಲವಾಹಿಜ್ ಹೋದಮೇಲೆ ಸಲೂನನ್ನು ಅವಳೇ ನಡೆಸುತ್ತಿದ್ದಳು. ಒಳಗಿನ ಗೋಡೆಯ ಮೇಲೆ ತಾಯಿಯ ದೊಡ್ಡ ಫೋಟೊ, ಜಡೆ ಮುಂದಕ್ಕೆ ಹಾಕಿಕೊಂಡದ್ದು. ಅವಳ ಹಿಂದೆ ನಾಲ್ಕೈದು ಹೆಂಗಸರು ಮೆಟ್ಟಿಲವರೆಗೆ ಬಂದು ನಿಂತರು. ಅವಳ ಕೈಯಲ್ಲಿ ಎಣ್ಣೆಗಾಗದ, ಅಂಗೈಯಿಂದ ಒತ್ತಿ ನೇರ ಮಾಡಿಕೊಂಡದ್ದು.

"ಅತ್ತೆ, ಇದು ನಮ್ಮಮ್ಮನಾ?"

ಅಮ್ಮ ಸುಳ್ಳು ಹೇಳಿದ್ದನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ. "ನಿಮ್ಮಮ್ಮ ಯಾಕಾಗ್ತಾಳೆ? ನಿಮ್ಮಮ್ಮನ ಕೂದ್ಲು ಹೆಣೆಯೋಕೆ ಹೋಗಿ ಎರಡು ದಿನ ನನ್ನ ಕೈ ನೋವಿತ್ತು ಕಣಮ್ಮಾ. ಮೂರು ಜಡೆ. ನೀನೇ ಮುಟ್ಟಿ ನೋಡ್ಲಿಲ್ವಾ?"

"ಮತ್ತೆ ಇದು?"

"ಇದು ನನ್ನ ಮಗ ಕಟ್ಟಿದ ಸುಳ್ಳು. ಸಲೂನಿನ ಮುಂದೆ ಓಡಾಡ್ತಾನಲ್ಲ, ನಿಮ್ಮಮ್ಮನ ಜಡೆ ಕಣ್ಣಿಗೆ ಬಿದ್ದಿದೆ, ಅದಕ್ಕೊಂದು ಹೊಲಸು ಕಥೆ ಅಂಟಿಸಿದಾನೆ. ಮೊದ್ಲಿಂದ್ಲೂ ಇವನು ಹೀಗೇ. ಇವನ ಬಾಯಲ್ಲಿ ಒಂದು ನಿಜ ಬಂದಿಲ್ಲ. ಹೇಳೋ."

ಮೆಟ್ಟಿಲ ಮೇಲಿನ ಹೆಂಗಸರೆಲ್ಲ ನನ್ನತ್ತ ತಿರುಗಿದರು. ಜೀವಮಾನದಲ್ಲಿ ನನ್ನದೆಂದು ಮಾಡಿದ ಒಂದೇ ವಸ್ತು ಆ ಪುಸ್ತಕ.

"ನಾನೇ ಕಟ್ಟಿದ್ದು," ಎಂದೆ. "ಸುಳ್ಳು."

ಶಾಹಿನಾಜ್ ನನ್ನ ಮುಖಕ್ಕೆ ಉಗಿದಿದ್ದರೆ ಚೆನ್ನಾಗಿತ್ತು. ಉಗಿಯಲಿಲ್ಲ. ಕಾಗದವನ್ನು ಮಡಿಸಿ ಕೈಚೀಲಕ್ಕೆ ಹಾಕಿಕೊಂಡು, ಅಮ್ಮನ ಕೈಯನ್ನು ಒಂದು ಕ್ಷಣ ಹಿಡಿದು ಬಿಟ್ಟು ಹೋದಳು. ನಮ್ಮ ಮಾತು ನಂಬಿದಳೋ, ಚಿತ್ರವನ್ನು ನಂಬಿದಳೋ ತಿಳಿಯಲಿಲ್ಲ.

"ನಲವತ್ತು ವರ್ಷ ಕಾಪಾಡಿದ್ದೆ," ಎಂದಳು ಅಮ್ಮ, ಬಾಗಿಲು ಹಾಕಿ. "ಇವತ್ತು ಉಳಿದ ಮಾನಾನೂ ಸುಳ್ಳು ಹೇಳಿ ಕಾಪಾಡೋ ಹಾಗೆ ಮಾಡ್ದೆ." ಬೈದದ್ದು ಅಷ್ಟೇ. ಇನ್ನಷ್ಟು ಬೈಯಲಿ ಎಂದು ಸಂಜೆಯವರೆಗೂ ಅವಳ ಮುಂದೆಯೇ ಸುಳಿದಾಡಿದೆ. ಬೈಯಲಿಲ್ಲ.

ಉಳಿದ ಪ್ರತಿಗಳಿಂದ ಆ ಕಥೆಯನ್ನು ಕಿತ್ತು ತೆಗೆಯಲು ಕೂತೆ. ನಡುವೆ ಪಿನ್ ಹೊಡೆದ ಪುಸ್ತಕದಲ್ಲಿ ಒಂದು ಪುಟ ಕಿತ್ತರೆ ಆಚೆ ಬದಿಯ ಅದರ ಜೋಡಿ ಪುಟವೂ ಕಳಚಿ ಬರುತ್ತದೆ. ಸೂಸೂವಿನ ಜೊತೆ ಮೊದಲ ಕಥೆಯ ಅಜ್ಜಿಯೂ ಕೈಗೆ ಬಂದಳು. ಆ ಅಜ್ಜಿಗೂ ಮಕ್ಕಳಿದ್ದರು, ಅವರಿಗೂ ಕಣ್ಣಿತ್ತು. ಉಳಿದ ಪ್ರತಿಗಳನ್ನೆಲ್ಲ ನೀರಿನ ತೊಟ್ಟಿಯಲ್ಲಿ ನೆನೆಹಾಕಿ ಗಂಜಿ ಮಾಡಿದೆ. ಎಂಬತ್ತು ಪ್ರತಿ ಇನ್ನೂ ಯಾರ ಯಾರ ಮನೆಯಲ್ಲೋ ಇವೆ.

ಎರಡು ತಿಂಗಳ ಮೇಲೆ ಎದುರು ಕಟ್ಟಡದಲ್ಲಿ ಶಾಹಿನಾಜಳ ದೊಡ್ಡಮ್ಮ ತೀರಿಕೊಂಡಳು. ಅಳು ಕೇಳಿಸಿದ ಕೂಡಲೇ ಅಮ್ಮ ಎದ್ದು ಕೈಕಾಲು ತೊಳೆದು, ಕಪ್ಪು ನಿಲುವಂಗಿ ಹಾಕಿಕೊಂಡು, ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಬಳಿ ಕೂತಳು. ಕರೆಯದೆ ಹೋಗುವ ಹಾಗಿಲ್ಲ. ಒಂದು ಗಂಟೆ ಕೂತಳು. ನಾನು ಅಡುಗೆಮನೆಯಲ್ಲಿ ನಿಂತೇ ಇದ್ದೆ, ಹೊರಗೆ ಬರುವ ಧೈರ್ಯವಿಲ್ಲದೆ. ಆಮೇಲೆ ಟ್ಯಾಕ್ಸಿಯೊಂದು ನಿಂತಿತು. ನದಿಯಾಚೆಯ ಇಂಬಾಬಾದಿಂದ ಕರೆಸಿದ್ದ ಬೇರೊಬ್ಬ ಮೀಯಿಸುವವಳು ಪ್ಲಾಸ್ಟಿಕ್ ಚೀಲ ಹಿಡಿದು ಇಳಿದು ಎದುರಿನ ಮೆಟ್ಟಿಲು ಹತ್ತಿದಳು.

ಅಮ್ಮ ಗಂಟು ಬಿಚ್ಚಿ ಒಂದೊಂದೇ ಸಾಮಾನನ್ನು ಬೀರುವಿನಲ್ಲಿಟ್ಟಳು.

"ಸಾಬಿರ್."

"ಹೇಳಮ್ಮ."

"ನಾನು ಹೋದಾಗ ಈ ಇಂಬಾಬಾದೋಳನ್ನ ಕರೆಸ್ಬೇಡ. ಅವಳಿಗೆ ಗಂಡು ಮಕ್ಕಳಿದಾರಂತೆ. ಮಕ್ಕಳಿಲ್ಲದೋಳು ಯಾರಾದ್ರೂ ಸಿಗ್ತಾಳಾ ನೋಡು."

ಕೋಪದಲ್ಲಿ ಹೇಳಿದ್ದಲ್ಲ. ನಾಳೆ ಮಾರುಕಟ್ಟೆಯಿಂದ ಏನು ತರಬೇಕು ಎಂದು ಹೇಳುವ ದನಿಯಲ್ಲೇ ಹೇಳಿದಳು. ಆಗಲಿ ಎಂದೆ.

ಹುಡುಕಲು ನಾಲ್ಕು ಶುಕ್ರವಾರ ಹಿಡಿಯಿತು. ಶುಬ್ರಾ ಬಡಾವಣೆಯಲ್ಲಿ ಒಬ್ಬಳು ಸಿಕ್ಕಳು, ವಯಸ್ಸಾದವಳು, ಮಕ್ಕಳಿಲ್ಲ. ಫೋನ್ ನಂಬರ್ ಬರೆಸಿಕೊಟ್ಟು, ಅಂಥವಳೇ ಯಾಕಪ್ಪ ಬೇಕು ನಿನಗೆ ಎಂದು ಕೇಳಿದಳು. ನಮ್ಮಮ್ಮನ ಆಸೆ ಎಂದೆ. ಯಾಕೆ ಆ ಆಸೆ ಎಂದು ಅವಳು ಮತ್ತೆ ಕೇಳಿದಳು. ನಾನು ಮೆಟ್ಟಿಲಿಳಿದು ಬಂದೆ.